ತಮಟೆಯವರು ಬೇಡ, ತಮಟೆ ಸದ್ದು ಮಾತ್ರ ಬೇಕಂತೆ!

ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ "ಓಹೋ, ಇವನೂ ಹಳೇ ಕಾಲದ ಗೊಣಗಪ್ಪ" ಅಂತ ಅರ್ಧಕ್ಕೇ ಎದ್ದು ಹೋಗ್ತೀರಿ. ನಾನು ಕಂಪ್ಯೂಟರ್ ಡ್ರಮ್ಸಿನ ವಿರೋಧಿ ಅಲ್ಲ. ಊರ್ಡಿಗೆರೆಯ ನಮ್ಮ ಮನೆಯ ಹತ್ತಡಿ ರೂಮಿನಲ್ಲಿ ಡ್ರಮ್ ಸೆಟ್ ಜೋಡಿಸಿ, ಅದರ ಸುತ್ತ ಏಳೆಂಟು ಮೈಕು ನಿಲ್ಲಿಸಿ, ಪಕ್ಕದ ಮನೆಯವರ ಹಸು ಬೆದರದ ಹಾಗೆ ರೆಕಾರ್ಡ್ ಮಾಡೋದು ಆಗಹೋಗದ ಮಾತು. ವರ್ಚುವಲ್ ಡ್ರಮ್ಸ್ ನನಗೂ ಬೇಕು, ದಿನಾ ಬಳಸ್ತೀನಿ ಕೂಡ.

ನನ್ನ ಜಗಳ ಇರೋದು ರೆಡಿಮೇಡ್ ಗ್ರೂವ್‌ಗಳ ಜೊತೆ.

ಈ ಕಡೆ ಬರದವರಿಗೆ ಒಂದೆರಡು ಮಾತು. ಮಿಡಿ ಫೈಲಿನಲ್ಲಿ ಸದ್ದು ಇರೋದಿಲ್ಲ. ಯಾವ ಪೆಟ್ಟು, ಯಾವ ಕ್ಷಣಕ್ಕೆ, 1ರಿಂದ 127ರೊಳಗೆ ಎಷ್ಟು ಜೋರು ಅನ್ನೋ ಸೂಚನೆ ಮಾತ್ರ ಇರುತ್ತೆ. ಆ ಸೂಚನೆಗೆ ಸದ್ದು ಕೊಡೋದು ಡ್ರಮ್ ತಂತ್ರಾಂಶ. ಈಝೀಡ್ರಮ್ಮರ್ ಥರದವುಗಳ ಜೊತೆ ಇಂಥ ಸೂಚನೆಗಳ ತುಣುಕುಗಳು ಕಂತೆ ಕಂತೆಯಾಗಿ ಬರ್ತವೆ. ಅದೇ ಗ್ರೂವ್. ಒಂದನ್ನು ಎಳೆದು ಹಾಡಿನ ಕೆಳಗೆ ಬಿಟ್ಟರೆ ತಾಳ ರೆಡಿ.

ರಾಕ್ ಹಾಡಿಗೆ ರಾಕ್ ಗ್ರೂವ್ ಹಾಕ್ಕೊಳ್ಳಿ, ನನ್ನ ತಕರಾರಿಲ್ಲ. ಆದರೆ ನಮ್ಮ ಸುತ್ತಮುತ್ತ ನಡೀತಿರೋದೇ ಬೇರೆ. ಜಾತ್ರೆಗೊಂದು ಮಾರಮ್ಮನ ಹಾಡು ಯೂಟ್ಯೂಬಿಗೆ ಏರುತ್ತೆ. ಬರೆದವರು, ಹಾಡಿದವರು, ಮಿಕ್ಸಿಂಗ್ ಮಾಡಿದವರು, ಕೊನೆಗೆ ಡ್ರೋನ್ ಹಾರಿಸಿದವರ ಹೆಸರೂ ಬರುತ್ತೆ. ತಾಳವಾದ್ಯದ ಮುಂದೆ ಯಾರ ಹೆಸರೂ ಇಲ್ಲ! ಯಾಕಂದ್ರೆ ಆ ತಾಳ ಬಂದಿದ್ದು 'ವರ್ಲ್ಡ್' ಅನ್ನೋ ಫೋಲ್ಡರ್‌ನಿಂದ. ಮೇಲೆ ಮಾತ್ರ "ಅಪ್ಪಟ ಜಾನಪದ" ಅಂತ ಬೋರ್ಡು. ತುಮಕೂರಿನಲ್ಲಿ ರೆಕಾರ್ಡಿಂಗ್ ಮಾಡೋರೊಬ್ಬರು ನನಗೆ ಲೆಕ್ಕ ಒಪ್ಪಿಸಿದ್ರು: "ತಮಟೆಯವರನ್ನ ಕರೆಸಿದ್ರೆ ಕೂಲಿ, ಊಟ, ಬಸ್ ಚಾರ್ಜು. ಇದಾದ್ರೆ ಒಂದು ಕ್ಲಿಕ್ಕು."

ದುಡ್ಡಿನ ಲೆಕ್ಕ ಸರಿಯಾಗೇ ಇದೆ. ಉಳಿದ ಲೆಕ್ಕ ನೋಡೋಣ.

1983ರಲ್ಲಿ ಮಿಡಿ ಬಂತು. 1991ರಲ್ಲಿ ಜನರಲ್ ಮಿಡಿ ಅಂತ ಸದ್ದುಗಳದ್ದೊಂದು ಪಟ್ಟಿ ಮಾಡಿ, ಹತ್ತನೇ ಚಾನೆಲ್ಲನ್ನು ತಾಳವಾದ್ಯಕ್ಕೆ ಮೀಸಲಿಟ್ಟರು. 35ರಿಂದ 81ರವರೆಗೆ ಒಟ್ಟು 47 ಸದ್ದು. ಕ್ಯೂಬಾದ ಬೋಂಗೋ, ಕೋಂಗಾ ಇವೆ. ಬ್ರೆಜಿಲ್‌ನ ಕುಯಿಕಾ ಇದೆ. ಸೀಟಿ ಊದೋ ಸದ್ದಿಗೂ ಎರಡು ಜಾಗ ಇದೆ. ತಬಲಾ ಇಲ್ಲ, ಮೃದಂಗ ಇಲ್ಲ. ತಮಟೆ, ಅರೆ, ಉರುಮೆಗಳ ಮಾತು ಬಿಡಿ! ಆ ಪಟ್ಟಿ ಮಾಡಿದವರು ನಮ್ಮನ್ನು ದ್ವೇಷಿಸಿದ್ರು ಅಂತ ನಾನು ಹೇಳ್ತಿಲ್ಲ. ಅವರು ಅವರ ಕಿವಿಗೆ ಬಿದ್ದದ್ದನ್ನು ಬರೆದುಕೊಂಡರು. ನಮ್ಮ ಕಿವಿಗೆ ಬಿದ್ದದ್ದನ್ನು ಬರೆದುಕೊಳ್ಳಬೇಕಾದವರು ನಾವು.

ಎರಡನೇದು, 'ಹ್ಯೂಮನೈಝ್' ಅನ್ನೋ ಗುಂಡಿ. ಅದನ್ನ ಒತ್ತಿದ್ರೆ ಪೆಟ್ಟುಗಳು ಮಿಲಿಸೆಕೆಂಡುಗಳಷ್ಟು ಹಿಂದೆ ಮುಂದೆ ಜರುಗಿ ಮನುಷ್ಯ ಬಾರಿಸಿದ ಹಾಗೆ ಕೇಳುತ್ತೆ ಅಂತಾರೆ. 2011ರಲ್ಲಿ ಹೋಲ್ಗರ್ ಹೆನ್ನಿಗ್ ಮತ್ತು ಸಂಗಡಿಗರು ಪ್ಲಾಸ್ ಒನ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಘಾನಾದ ವಾದಕನೊಬ್ಬ ಮೆಟ್ರೊನೋಮ್ ಜೊತೆ ಬಾರಿಸಿದಾಗ ಆದ ಏರುಪೇರು ಬೇಕಾಬಿಟ್ಟಿ ಇರಲಿಲ್ಲ. ಈಗಿನ ಪೆಟ್ಟಿನ ಏರುಪೇರಿಗೂ ಬಹಳ ಹಿಂದಿನ ಪೆಟ್ಟಿನದಕ್ಕೂ ನಂಟಿತ್ತು. ಕೇಳುಗರಿಗೆ ಹಿಡಿಸಿದ್ದೂ ಆ ನಂಟಿರೋ ಏರುಪೇರೇ, ಲಾಟರಿ ಎತ್ತಿದ ಹಾಗೆ ಜರುಗಿಸಿದ್ದಲ್ಲ. ಸೋಬಾನೆ ಹಾಡೋ ಅಜ್ಜಿ ಸಾಲಿನ ನಡುವೆ ಉಸಿರು ತಗೊಳ್ಳೋಕೆ ನಿಂತರೆ ಎದುರಿಗೆ ಕೂತ ವಾದಕ ಕಾಯ್ತಾನೆ. ಗ್ರೂವ್ ಕಾಯಲ್ಲ. ಅಜ್ಜಿಯೇ ಅದರ ಹಿಂದೆ ಓಡಬೇಕು.

ಇನ್ನು ಮೂರನೇದು. ಇಲ್ಲಿ ಕೆಲವರು ನನ್ನನ್ನ ತಡೀತಾರೆ, ತಡೀಬೇಕು ಕೂಡ. "ತಮಟೆ ಬಾರಿಸೋದನ್ನ ಒಂದು ಜಾತಿಗೆ ಕಟ್ಟಿ, ಹಬ್ಬಕ್ಕೂ ಸಾವಿಗೂ ಕರೆಸಿ, ಗುಡಿಯ ಹೊರಗೇ ನಿಲ್ಲಿಸಿದ್ರಿ. ಮಷೀನು ಬಂದದ್ದೇ ಒಳ್ಳೇದಾಯ್ತು" ಅಂತ. ನಿಜ. "ಇನ್ನು ನಾವು ಬಾರಿಸಲ್ಲ" ಅಂತ ತಮಟೆ ಕೆಳಗಿಟ್ಟವರಿಗೆ ನನ್ನ ನಮಸ್ಕಾರ. ಬಿಟ್ಟಿ ಚಾಕರಿಯನ್ನ ಸಂಸ್ಕೃತಿ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ಆದ್ರೆ ಸ್ವಾಮಿ, ಸದ್ದು ಬೇಕು, ಆ ಸದ್ದಿನವರು ಮಾತ್ರ ಒಳಗೆ ಬರಬಾರದು ಅನ್ನೋದು ಬಿಡುಗಡೆ ಹೇಗಾಗುತ್ತೆ? ಅದು ಅದೇ ಹಳೇ ಹೊಸ್ತಿಲು, ಗುಡಿಯಿಂದ ಸ್ಟುಡಿಯೋಗೆ ಬಂದಿದೆ ಅಷ್ಟೆ. ಚಿಂತಾಮಣಿ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ. ಕಲೆ ಅಂತ ಒಪ್ಪಿದ ಮೇಲೆ ಕಲಾವಿದರಿಗೆ ಸಲ್ಲೋ ಹಣ, ಹೆಸರು ಎರಡೂ ಕೊಡಬೇಕು.

ಹಾಗಾದ್ರೆ ಏನು ಮಾಡೋದು? ಬರೀ ಬೈದು ಹೋಗೋ ಜಾತಿ ನಂದಲ್ಲ, ದಾರಿಯೂ ಇದೆ.

ಸ್ವೀಡನ್ನಿನ ಮೆಶುಗಾ ಅನ್ನೋ ಮೆಟಲ್ ತಂಡ 2005ರ 'ಕ್ಯಾಚ್ ಥರ್ಟಿತ್ರೀ' ಆಲ್ಬಮ್ಮಿನ ಡ್ರಮ್ಸನ್ನು ಕಂಪ್ಯೂಟರಿನಲ್ಲೇ ಕೂಡಿಸಿತು. ಆದ್ರೆ ಅದರಲ್ಲಿನ ಒಂದೊಂದು ಪೆಟ್ಟೂ ಆ ತಂಡದ ಡ್ರಮ್ಮರ್ ಟೋಮಸ್ ಹಾಕೆ ಬಾರಿಸಿ ರೆಕಾರ್ಡ್ ಮಾಡಿಸಿದ್ದ ಸ್ಯಾಂಪಲ್. ಅಂದ್ರೆ ಸದ್ದೂ ಅವರದ್ದೇ, ತಾಳವೂ ಅವರದ್ದೇ. ನಾವೂ ಹಾಗೆ ಮಾಡಬಹುದು.

ತಮಟೆ ಬಾರಿಸೋರೊಬ್ಬರನ್ನು ಒಂದು ದಿನಕ್ಕೆ ಕರೀರಿ, ದಿನದ ಸಂಭಾವನೆ ಮೊದಲೇ ಮಾತಾಡಿ. ಬೆಂಕಿಗೆ ಹಿಡಿದು ಚರ್ಮ ಕಾಯಿಸಿದ ಮೇಲೆ ನಾಲ್ಕು ಬಗೆಯ ಪೆಟ್ಟು, ಒಂದೊಂದಕ್ಕೂ ಮೆಲ್ಲಗಿಂದ ಜೋರಿಗೆ ಐದು ಹಂತ, ಒಂದೊಂದು ಹಂತವೂ ನಾಲ್ಕು ಸಲ. ಒಟ್ಟು 80 ಪೆಟ್ಟು. ನಾಲ್ಕು ಸಲ ಯಾಕೆ ಅಂದ್ರೆ, ಒಂದೇ ಪೆಟ್ಟು ಮತ್ತೆ ಮತ್ತೆ ಬಂದರೆ ಮಿಷನ್‌ಗನ್ ಥರ ಕೇಳುತ್ತೆ. ಒಂದು ಸಾಧಾರಣ ಕಂಡೆನ್ಸರ್ ಮೈಕು ಸಾಕು. ಜೋಡಿಸೋಕೆ ಹೈಡ್ರೋಜನ್ ಅನ್ನೋ ಮುಕ್ತ ತಂತ್ರಾಂಶ ಬಿಟ್ಟಿ ಸಿಗುತ್ತೆ. ಆಮೇಲೆ ಅವರ ಕೈಲೇ ಪೂರ್ತಿ ತಾಳಗಳನ್ನೂ ಬಾರಿಸಿ ಇಟ್ಕೊಳ್ಳಿ, ಅದನ್ನ ನೋಡಿಕೊಂಡು ಗ್ರೂವ್ ಬರೀರಿ. ಹಾಡನ್ನ ಮೊದಲು ತಾಳವಿಲ್ಲದೆ ಹಾಡಿಸಿ, ಕಂಪ್ಯೂಟರಿನ ಲಯವನ್ನು ಆ ಹಾಡಿಗೆ ಹೊಂದಿಸಿ. ಹಾಡನ್ನ ಲಯಕ್ಕೆ ಬಗ್ಗಿಸಬೇಡಿ. ಆ ಸದ್ದನ್ನ ಎಲ್ಲೆಲ್ಲಿ ಬಳಸ್ತೀರಿ ಅನ್ನೋದನ್ನೂ ಅವರಿಗೆ ಹೇಳಿ, ಒಪ್ಪಿಗೆ ತಗೊಂಡು ಕಾಗದದ ಮೇಲೆ ಬರ್ಕೊಳ್ಳಿ. ಹಾಡು ಹೊರಗೆ ಬಂದಾಗ "ತಮಟೆ:" ಅಂತ ಬರೆದು ಮುಂದೆ ಅವರ ಹೆಸರು ಹಾಕಿ.

ಇಷ್ಟೂ ಆಗಲ್ಲ ಅನ್ನೋರಿಗೆ ನನ್ನದೊಂದೇ ಬೇಡಿಕೆ. ಗ್ರೂವ್ ಎಳೆದು ಹಾಕ್ಕೊಳ್ಳಿ, ಹಾಡು ಮಾಡ್ಕೊಳ್ಳಿ, ಯಾರೂ ಕೇಳಲ್ಲ. ಆ "ಅಪ್ಪಟ ಜಾನಪದ" ಬೋರ್ಡನ್ನ ಮಾತ್ರ ದಯವಿಟ್ಟು ಇಳಿಸಿ.

ಏನಂತೀರಿ? ಬೈಯೋದಿದ್ರೂ ಸಂಕೋಚ ಬೇಡ, ಬೈದುಬಿಡಿ :)