ದಾಖಲೆ ಅಸ್ಪಷ್ಟವಂತೆ!



ಈ ಸಲ ಹಳೆಯ ನೆನಪುಗಳನ್ನು ಬದಿಗಿಟ್ಟು ಸ್ವಲ್ಪ ಜಗಳವಾಡೋಣವೆಂದಿದ್ದೇನೆ. ಜಗಳ ಯಾರೊಡನೆ ಎಂದರೆ, ನಿಮ್ಮಲ್ಲಿಯೇ ಕೆಲವರೊಡನೆ. ನನ್ನ ತರಗತಿಯಲ್ಲಿ ಕುಳಿತು, ಮುಂದೆ ಬೆಂಗಳೂರಿಗೋ ಅದರಾಚೆಗೋ ಹೋಗಿ, ಈಗ ತಂತ್ರಾಂಶ ಬರೆಯುವ ಉದ್ಯೋಗದಲ್ಲಿರುವವರು ಮುನಿಸಿಕೊಳ್ಳದೆ ಕೊನೆಯವರೆಗೂ ಓದಬೇಕೆಂದು ಪ್ರಾರ್ಥನೆ.

ಕಳೆದ ಆಷಾಢದ ಒಂದು ಮಧ್ಯಾಹ್ನ ಹಳೆಯ ವಿದ್ಯಾರ್ಥಿಯೊಬ್ಬನು ಮಳೆಯಲ್ಲಿ ತೊಯ್ದುಕೊಂಡು ಮನೆಗೆ ಬಂದನು. ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ಬದುಕುತ್ತಿರುವವನು. ಅವನು ತೊಯ್ದಿದ್ದರೂ ಅಂಗಿಯೊಳಗೆ ಅವುಚಿಕೊಂಡಿದ್ದ ಪ್ಲಾಸ್ಟಿಕ್ ಚೀಲ ಒಣಗಿಯೇ ಇತ್ತು. ಅದರೊಳಗೆ ಅವನ ವರ್ಗಾವಣೆ ಪತ್ರ. ಸಹಾಯಧನವೊಂದಕ್ಕಾಗಿ ಜಾಲತಾಣದಲ್ಲಿ ಅರ್ಜಿ ಹಾಕಿದ್ದನಂತೆ. ವಯಸ್ಸಿನ ಪುರಾವೆಯಾಗಿ ಈ ಪತ್ರವನ್ನೇ ಕೊಟ್ಟಿದ್ದನಂತೆ. ಎರಡು ಸಲ ಅರ್ಜಿ ತಿರಸ್ಕೃತವಾಗಿತ್ತು. ಕಾರಣದ ಅಂಕಣದಲ್ಲಿ ಎರಡೇ ಪದ: ‘ದಾಖಲೆ ಅಸ್ಪಷ್ಟ’.

“ಸಾರ್, ಇದು ನಿಮ್ಮ ಅಕ್ಷರವೇ ಅಲ್ಲವೇ? ಇದು ಅಸ್ಪಷ್ಟವೇ ಸಾರ್?” ಎಂದು ಕೇಳಿದನು.

ನೋಡಿದೆನು. ನನ್ನ ಅಕ್ಷರವೇ. 1992ರಲ್ಲಿ ತರಗತಿ ಉಪಾಧ್ಯಾಯನಾಗಿ ನಾನು ಬರೆದು, ಮುಖ್ಯೋಪಾಧ್ಯಾಯರು ಸಹಿ ಮಾಡಿ, ಮುದ್ರೆ ಒತ್ತಿಕೊಟ್ಟ ಪತ್ರ. ಮೂವತ್ತು ವರ್ಷ ದಾಟಿದರೂ ಒಂದು ಕೊಂಬು, ಒಂದು ಒತ್ತು ಮಾಸಿರಲಿಲ್ಲ. (ಬರೆವಣಿಗೆಯ ವಿಷಯದಲ್ಲಿ ನಿಮ್ಮನ್ನು ಕಾಡಿದವನು ತಾನೂ ಅಂದವಾಗಿಯೇ ಬರೆಯುತ್ತಿದ್ದನೆಂಬುದಕ್ಕೆ ಒಂದು ಸಾಕ್ಷಿ ಸಿಕ್ಕಿತೆಂದು ಒಳಗೊಳಗೇ ಸಂತೋಷವೂ ಆಯಿತು.) ಆಮೇಲೆ ಅವನ ಮೊಬೈಲಿನಲ್ಲಿದ್ದ, ಜಾಲತಾಣಕ್ಕೆ ಕಳುಹಿಸಿದ್ದ ಪ್ರತಿಯನ್ನು ನೋಡಿದೆನು. ಅದು ನನ್ನ ಅಕ್ಷರವಾಗಿರಲಿಲ್ಲ. ಕೆಸರಿನಲ್ಲಿ ಕೋಳಿ ನಡೆದ ಹಾಗಿತ್ತು. ಜನ್ಮದಿನಾಂಕದ ಒಂದು ಅಂಕಿ 6 ಎಂದರೂ ಆಗುತ್ತಿತ್ತು, 8 ಎಂದರೂ ಆಗುತ್ತಿತ್ತು. ತಿರಸ್ಕರಿಸಿದ ಅಧಿಕಾರಿಯನ್ನು ಹೇಗೆ ದೂರಲಿ? ಆ ಚಿತ್ರವನ್ನು ನನ್ನ ಮುಂದಿಟ್ಟಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆನು.

ಒಳ್ಳೆಯ ದಾಖಲೆ ಕೆಟ್ಟದ್ದೆಲ್ಲಿ? ಅರ್ಜಿಯ ಪುಟದಲ್ಲಿ ಕೆಂಪಕ್ಷರದಲ್ಲಿ ಒಂದು ಸಾಲು ಇತ್ತು: ಕಡತದ ಗಾತ್ರ 50 ಕೆಬಿ ಮೀರತಕ್ಕದ್ದಲ್ಲ. ಇವನು ಸೈಬರ್ ಅಂಗಡಿಗೆ ಹೋಗಿದ್ದಾನೆ. ಅಂಗಡಿಯ ಹುಡುಗನು ಪತ್ರವನ್ನು ಸ್ಕ್ಯಾನ್ ಮಾಡಿ, ದೊಡ್ಡದಾಯಿತೆಂದು ಹಿಂಡಿದ್ದಾನೆ. ಇನ್ನೂ ದೊಡ್ಡದಾಯಿತೆಂದು ಮತ್ತೆ ಹಿಂಡಿದ್ದಾನೆ. ಐವತ್ತರೊಳಗೆ ಬರುವವರೆಗೆ, ಒಗೆದ ಬಟ್ಟೆಯನ್ನು ಹಿಂಡುವಂತೆ, ಹಿಂಡುತ್ತಲೇ ಇದ್ದಾನೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಕರಿಹಲಗೆಯ ಚಾಳಿ ಬಿಡುವುದಿಲ್ಲ. ಎ4 ಅಳತೆಯ ಒಂದು ಹಾಳೆಯನ್ನು, ದಾಖಲೆಗಳಿಗೆ ರೂಢಿಯಲ್ಲಿರುವಂತೆ ಅಂಗುಲಕ್ಕೆ 300 ಚುಕ್ಕೆಗಳ ಪ್ರಕಾರ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. 50 ಕೆಬಿ ಎಂದರೆ ಸುಮಾರು ನಾಲ್ಕು ಲಕ್ಷ ಬಿಟ್‌ಗಳು. ಭಾಗಿಸಿ ನೋಡಿ. ಇಪ್ಪತ್ತೊಂದು ಚುಕ್ಕೆಗಳಿಗೆ ಒಂದೇ ಒಂದು ಬಿಟ್! ಇಪ್ಪತ್ತೊಂದು ಮಕ್ಕಳಿಗೆ ಒಂದು ಬಳಪ ಕೊಟ್ಟು ಎಲ್ಲರೂ ಕಾಪಿ ಬರೆಯಿರಿ ಎಂದಂತಾಯಿತು.

ಅದೂ ಹೋಗಲಿ, ಹಿಂಡುವುದಕ್ಕೆ ಬಳಸುವ ವಿಧಾನವಾದರೂ ಅಕ್ಷರಗಳಿಗೆ ಹೊಂದುವುದೇ ಎಂದರೆ, ಅದೂ ಇಲ್ಲ. ಜೇಪೆಗ್ ಎಂಬ ಮಾದರಿಯನ್ನು 1992ರಲ್ಲಿ ಪ್ರಮಾಣೀಕರಿಸಿದವರು ಛಾಯಾಚಿತ್ರ ತಜ್ಞರ ಒಂದು ಜಂಟಿ ತಂಡದವರು. ಆ ತಂಡದ ಹೆಸರಿನ ಮೊದಲಕ್ಷರಗಳೇ ಜೇಪೆಗ್. ಅದು ಚಿತ್ರವನ್ನು ಎಂಟೆಂಟು ಚುಕ್ಕೆಗಳ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದು ಚೌಕದಲ್ಲಿಯೂ ನಿಧಾನವಾಗಿ ಬದಲಾಗುವ ಬಣ್ಣವನ್ನು ಉಳಿಸಿಕೊಂಡು, ಥಟ್ಟನೆ ಬದಲಾಗುವ ಸೂಕ್ಷ್ಮಗಳನ್ನು ಮೊದಲು ಬಿಸಾಡುತ್ತದೆ. ಆಕಾಶ, ಗದ್ದೆ, ಮನುಷ್ಯನ ಕೆನ್ನೆ ಇವುಗಳಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಆದರೆ ಅಕ್ಷರವೆಂದರೇನು? ಬಿಳಿಯ ಮೇಲೆ ಥಟ್ಟನೆ ಬರುವ ಕಪ್ಪು. ಅಂದರೆ ಈ ಯಂತ್ರವು ಮೊದಲು ಬಿಸಾಡುವುದೇ ನಮಗೆ ಬೇಕಾದುದನ್ನು. ಮತ್ತೆ ಮತ್ತೆ ಉಳಿಸಿದಷ್ಟೂ ಮತ್ತಷ್ಟು ಹೋಗುತ್ತದೆ, ಹೋದದ್ದು ಹಿಂದಿರುಗುವುದಿಲ್ಲ.

ಕನ್ನಡಕ್ಕೆ ಈ ಪೆಟ್ಟು ಇನ್ನೂ ಜೋರು. ನಮ್ಮ ಲಿಪಿಯಲ್ಲಿ ಪಕಾರದ ಹೊಟ್ಟೆ ಸೀಳಿದರೆ ಷಕಾರ. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಒಂದು ಸಣ್ಣ ಗೀಟು. ಆ ಗೀಟನ್ನು ಮರೆತು ‘ಧನ’ವನ್ನು ‘ದನ’ ಮಾಡಿದವರ ಕಿವಿ ಹಿಂಡಿದ ಕೈ ಇದು. ಈಗ ಜಾಲತಾಣವೇ ಸಾವಿರಾರು ಜನರ ಗೀಟುಗಳನ್ನು ಅಳಿಸುತ್ತಿದೆ. ಯಾರ ಕಿವಿಯನ್ನು ಹಿಂಡಲಿ?

ನಿಮ್ಮ ಉತ್ತರ ನನಗೆ ಗೊತ್ತು. ‘ಮೇಷ್ಟ್ರೇ, ಲಕ್ಷಾಂತರ ಜನ ಅರ್ಜಿ ಹಾಕುತ್ತಾರೆ, ಸರ್ವರಿನಲ್ಲಿ ಜಾಗ ಬೇಡವೇ?’ ಎನ್ನುತ್ತೀರಿ. ಬೇಕು. ಹತ್ತು ಲಕ್ಷ ಜನ ತಲಾ ಐದು ಎಂಬಿಯ ಚಿತ್ರ ಕಳುಹಿಸಿದರೆ ಐದು ಟಿಬಿ ಆಗುತ್ತದೆ. ಎಚ್ಚರಿಕೆಗಾಗಿ ಮೂರು ಪ್ರತಿ ಇಟ್ಟರೆ ಹದಿನೈದು. ಐದು ಟಿಬಿ ಹಿಡಿಯುವ ಡಿಸ್ಕು ಇಂದು ಅಂಗಡಿಯಲ್ಲಿ ಒಂದೇ ತುಂಡಾಗಿ ಸಿಗುವ ವಸ್ತು. ದೂರವಾಣಿಯ ತಂತಿಯಲ್ಲಿ ಕಿರ್ರೆನ್ನುತ್ತ ಅಂತರಜಾಲ ಬರುತ್ತಿದ್ದ ದಿನಗಳಲ್ಲಿ 50 ಕೆಬಿಯ ಮಿತಿಗೆ ಅರ್ಥವಿತ್ತು. ಅಂದು ಅದು ಬಡವನಿಗೆ ಮಾಡಿದ ಉಪಕಾರವೇ ಆಗಿತ್ತು. ಇಂದು ಎಲ್ಲರ ಜೇಬಿನಲ್ಲಿರುವ ಮೊಬೈಲೇ ಒಂದು ಚಿತ್ರಕ್ಕೆ ಮೂರು ನಾಲ್ಕು ಎಂಬಿ ತೆಗೆದುಕೊಳ್ಳುತ್ತದೆ. ಮೊಬೈಲುಗಳು ಬದಲಾದವು, ಕಂಪ್ಯೂಟರುಗಳು ಬದಲಾದವು; ಆ ಕೆಂಪು ಸಾಲು ಮಾತ್ರ ಒಂದು ಅರ್ಜಿಯಿಂದ ಇನ್ನೊಂದಕ್ಕೆ, ಓದದೆ ನಕಲು ಮಾಡಿದ ಉತ್ತರದಂತೆ, ಸಾಗಿ ಬರುತ್ತಲೇ ಇದೆ. ನಕಲು ಮಾಡಿದ ಉತ್ತರವನ್ನು ಗುರುತಿಸುವುದರಲ್ಲಿ ನನಗೆ ಮೂವತ್ತು ವರ್ಷಗಳ ಅನುಭವವಿದೆಯಪ್ಪ.

ಚಿತ್ರವನ್ನು ಕುಗ್ಗಿಸುವ ಕೆಲಸ ಕಂಪ್ಯೂಟರಿನದೋ, ಹೊಲಿಗೆಯವನದೋ? ಇದೇ ನನ್ನ ಮುಖ್ಯ ಪ್ರಶ್ನೆ. ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶವನ್ನು 1990ರಲ್ಲಿಯೇ ಉಚಿತವಾಗಿ ಲೋಕಕ್ಕೆ ಬಿಟ್ಟಿದ್ದಾರೆ. ಸರ್ವರಿನಲ್ಲಿ ಕುಳಿತು, ಬಂದ ಚಿತ್ರವನ್ನು ಬೇಕಾದ ಅಳತೆಗೆ ತಗ್ಗಿಸಿ, ಪಟ್ಟಿಯಲ್ಲಿ ತೋರಿಸಲು ಒಂದು ಪುಟಾಣಿ ಪ್ರತಿ, ಓದಲು ಒಂದು ದೊಡ್ಡ ಪ್ರತಿ ಮಾಡಿಕೊಡುವುದು ಅದಕ್ಕೆ ಕ್ಷಣದ ಕೆಲಸ. ಅಷ್ಟು ದೂರವೂ ಬೇಡ. ಈಗಿನ ಬ್ರೌಸರುಗಳೇ ಕಳುಹಿಸುವ ಮೊದಲು ಚಿತ್ರವನ್ನು ತಕ್ಕಮಟ್ಟಿಗೆ ಕುಗ್ಗಿಸಬಲ್ಲವು. ಮೂಲವನ್ನು ಕೆಡದಂತೆ ಇಟ್ಟುಕೊಂಡು ಪ್ರತಿಗಳನ್ನು ಯಂತ್ರವೇ ಮಾಡಬೇಕು. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ, ನಿಮ್ಮ ವೃತ್ತಿಯ ಬಾಲಪಾಠ. ಆಹಾರ ತರಿಸುವ, ಬಟ್ಟೆ ಮಾರುವ ಜಾಲತಾಣಗಳು ಯಾವಾಗಲಾದರೂ ನಿಮ್ಮನ್ನು ‘ಹೋಗಿ ಚಿತ್ರ ಹಿಂಡಿಕೊಂಡು ಬಾ’ ಎಂದು ಅಟ್ಟಿವೆಯೇ? ಗಿರಾಕಿಗೆ ಒಂದು ನ್ಯಾಯ, ಅರ್ಜಿದಾರನಿಗೆ ಇನ್ನೊಂದು ನ್ಯಾಯ.

ಈ ಮಿತಿಯಿಂದ ಆಗುತ್ತಿರುವ ಇನ್ನೊಂದು ಅನಾಹುತವು ಅಕ್ಷರ ಕೆಡುವುದಕ್ಕಿಂತ ಭಯಂಕರವಾದುದು. ಸೈಬರ್ ಅಂಗಡಿ ದೂರವಿರುವವರು ಏನು ಮಾಡುತ್ತಾರೆ? ಉಚಿತವಾಗಿ ಕಡತ ಕುಗ್ಗಿಸಿಕೊಡುವ ಯಾವುದೋ ಜಾಲತಾಣವನ್ನು ಹುಡುಕುತ್ತಾರೆ. ಅದನ್ನು ಯಾರು ನಡೆಸುತ್ತಾರೋ, ಯಾವ ದೇಶದಲ್ಲಿದೆಯೋ ವಿಚಾರಿಸುವವರಿಲ್ಲ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲವನ್ನೂ ಅಲ್ಲಿಗೆ ಏರಿಸಿ, ಹಿಂಡಿದ ಪ್ರತಿಯನ್ನು ಇಳಿಸಿಕೊಂಡು ಬರುತ್ತಾರೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ ಹೂಡಿದ್ದು. ಆ ಹಿರಿಯರು ದೆಹಲಿಯವರೆಗೆ ಹೋಗಿ ಗೆದ್ದುಕೊಟ್ಟುದನ್ನು ನಾವು ಐವತ್ತು ಕೆಬಿಗಾಗಿ ಬೀದಿಯಲ್ಲಿ ಚೆಲ್ಲುತ್ತಿದ್ದೇವೆ.

‘ಬಂದ ಕಡತದಲ್ಲಿ ವೈರಸ್ ಇದ್ದರೆ?’ ಎಂದು ಕೇಳುವಿರಿ. ಒಪ್ಪುತ್ತೇನೆ, ಅದು ನ್ಯಾಯವಾದ ಚಿಂತೆ. ಆದರೆ ಗಾತ್ರದ ಮಿತಿಯು ಅದಕ್ಕೆ ಮದ್ದಲ್ಲ. ಐವತ್ತು ಕೆಬಿಯೊಳಗೂ ಬೇಕಾದಷ್ಟು ಕೇಡು ಹಿಡಿಸುತ್ತದೆ. ಹೆಸರಿನ ಬಾಲವನ್ನು ನಂಬದೆ ಕಡತದ ಒಳಗನ್ನು ಪರೀಕ್ಷಿಸಬೇಕು. ಚಿತ್ರವನ್ನು ಬಿಡಿಸಿ ಹೊಸದಾಗಿ ಕಟ್ಟಬೇಕು. ಹಾಗೆ ಕಟ್ಟುವಾಗ ಮೊಬೈಲು ಚಿತ್ರದೊಳಗೆ ಗುಟ್ಟಾಗಿ ಬರೆದಿಟ್ಟಿರುವ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅಳಿಸಿಬಿಡಬಹುದು. ‘ಈ ಚಿತ್ರವನ್ನು ಇಷ್ಟು ತಿರುಗಿಸಿ ನೋಡಿ’ ಎಂಬ ಸೂಚನೆಯೂ ಅಲ್ಲೇ ಇರುತ್ತದೆ. ಅದನ್ನು ಮಾತ್ರ ಪಾಲಿಸಿ ಅಳಿಸಬೇಕು. ಪಾಲಿಸದೆ ಅಳಿಸಿದ್ದರಿಂದಲೇ ಎಷ್ಟೋ ಅರ್ಜಿಗಳಲ್ಲಿ ಅರ್ಜಿದಾರನು ಅನಂತಶಯನನಾಗಿ ಮಲಗಿರುತ್ತಾನೆ, ಪರಿಶೀಲಿಸುವವರು ಕತ್ತು ಓರೆ ಮಾಡಿಕೊಂಡು ನೋಡುತ್ತಾರೆ.

ಮಸುಕಾದ ದಾಖಲೆಯಾದರೂ ವಾಸಿ ಎನ್ನಿಸುವ ಸಂಗತಿಯೊಂದುಂಟು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದರು. ಮೂರು ಕೋಣೆಗಳ ವಿಸ್ತೀರ್ಣ ಮೂಲದಲ್ಲಿ 14.13, 21.11 ಮತ್ತು 17.42 ಚದರ ಮೀಟರು ಎಂದಿತ್ತು. ಪ್ರತಿಯಲ್ಲಿ ಮೂರೂ 14.13! ಸಾಲುಗಳು ಸ್ವಚ್ಛ, ಅಂಕಿಗಳು ಮುದ್ರಿಸಿದಂತೆ ಸ್ಫುಟ, ಆದರೆ ಸುಳ್ಳು. ಬೇರೆ ಕಾಗದಗಳಲ್ಲಿ 6 ಹೋಗಿ 8 ಆಗಿದ್ದೂ ಕಂಡುಬಂತು. ಜಾಗ ಉಳಿಸಲು ಆ ಯಂತ್ರಗಳು ಒಂದೇ ತರಹ ಕಾಣುವ ಚೂರುಗಳನ್ನು ಒಂದು ಸಲ ಮಾತ್ರ ದಾಖಲಿಸಿಕೊಂಡು, ಉಳಿದೆಡೆ ಅದನ್ನೇ ಅಂಟಿಸುತ್ತಿದ್ದವು. ಕಂಪನಿಯು ಆಮೇಲೆ ತಂತ್ರಾಂಶವನ್ನು ತಿದ್ದಿಕೊಟ್ಟಿತು. ಮಸುಕು ಚಿತ್ರವು ‘ನನಗೆ ಗೊತ್ತಿಲ್ಲ’ ಎಂದು ಒಪ್ಪಿಕೊಳ್ಳುತ್ತದೆ. ಇದು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿತು.

ಇದನ್ನು ಓದಿದಾಗ ನಮ್ಮ ಹಳೆಯ ಗುಮಾಸ್ತರ ನೆನಪಾಯಿತು. ವರ್ಗಾವಣೆ ಪತ್ರದಲ್ಲಿ ಜನ್ಮದಿನಾಂಕವನ್ನು ಅಂಕಿಗಳಲ್ಲಿ ಬರೆದು, ಕೆಳಗೆ ಅಕ್ಷರಗಳಲ್ಲಿಯೂ ಬರೆಯಬೇಕೆಂಬ ನಿಯಮ ಇತ್ತಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅದು ನನಗೆ ದಂಡದ ಕೆಲಸವೆನಿಸಿತ್ತು. ‘ಅಂಕಿ ಅಳಿಸಿದರೆ ಅಕ್ಷರ ಇರಲಿ, ಅಕ್ಷರ ಅಳಿಸಿದರೆ ಅಂಕಿ ಇರಲಿ’ ಎಂದಿದ್ದರು, ಸಣ್ಣ ಸಂಬಳದ ಆ ಗುಮಾಸ್ತರು. ದಾಖಲೆ ಎಂದಾದರೊಂದು ದಿನ ಕೆಡುತ್ತದೆ, ಕೆಟ್ಟರೂ ಉಳಿಯಬೇಕು ಎಂಬ ವಿವೇಕ ಅವರಿಗಿತ್ತು.

ಅರ್ಜಿದಾರರ ಕಥೆ ಇದಾದರೆ, ಅತ್ತ ಕಡೆಯಿಂದ ನಮಗೆ ಬರುವ ದಾಖಲೆಗಳ ಗತಿಯೂ ಅಷ್ಟೇ. ಕನ್ನಡದ ಸುತ್ತೋಲೆಯನ್ನು ಕಂಪ್ಯೂಟರಿನಲ್ಲಿಯೇ ಟೈಪು ಮಾಡುತ್ತಾರೆ. ಆಮೇಲೆ ಮುದ್ರಿಸಿ, ಸಹಿ ಹಾಕಿ, ಸೊಟ್ಟಗೆ ಸ್ಕ್ಯಾನ್ ಮಾಡಿ, ಪಿಡಿಎಫ್ ಎಂದು ಹೆಸರಿಟ್ಟು ಏರಿಸುತ್ತಾರೆ. ಅಕ್ಷರವಾಗಿದ್ದುದು ಚಿತ್ರವಾಯಿತು. ಅದರಲ್ಲಿ ಒಂದು ಪದವನ್ನು ಹುಡುಕಲಾಗದು. ದೃಷ್ಟಿಯಿಲ್ಲದವರ ಓದುಯಂತ್ರಕ್ಕೆ ಅದು ಬರಿಯ ಖಾಲಿ ಹಾಳೆ. ಅಂಗವಿಕಲರಿಗೂ ಮಾಹಿತಿ ಎಟುಕಬೇಕೆಂದು 2016ರ ಕಾಯಿದೆ ಹೇಳುತ್ತದೆ. ಕನ್ನಡಕ್ಕೆ ಯುನಿಕೋಡಿನಲ್ಲಿ ಸ್ಥಾನ ಸಿಕ್ಕಿದ್ದು 1991ರಲ್ಲಿ, ಅಂದರೆ ನಾನು ಆ ವರ್ಗಾವಣೆ ಪತ್ರ ಬರೆಯುವುದಕ್ಕೂ ಒಂದು ವರ್ಷ ಮೊದಲು! ಟೈಪು ಮಾಡಿದ ಕಡತವನ್ನೇ ಪಿಡಿಎಫ್ ಮಾಡಿ ಡಿಜಿಟಲ್ ಸಹಿ ಹಾಕಿದರೆ ಮುಗಿಯಿತು. ಅಂಥ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯೇ ಮಾನ್ಯತೆ ಕೊಟ್ಟಿದೆ.

ಅಂದು ಆ ಹುಡುಗನನ್ನು (ಐವತ್ತು ಸಮೀಪಿಸಿದ್ದರೂ ನನಗೆ ಹುಡುಗನೇ) ಕೂರಿಸಿಕೊಂಡು, ಕಾಫಿ ಕುಡಿಸಿ, ಮೊಮ್ಮಗಳ ಸಹಾಯದಿಂದ ಕೆಲಸಕ್ಕೆ ತೊಡಗಿದೆವು. ಕಿಟಕಿಯ ಬಳಿ ಬೆಳಕಿಗಿಟ್ಟು ಫೋಟೋ ತೆಗೆದೆವು. ಅಂಚುಗಳನ್ನು ಕತ್ತರಿಸಿ, ಬಣ್ಣ ತೆಗೆದು ಬೂದು ಮಾಡಿ, ಚುಕ್ಕೆಗಳ ಸಂಖ್ಯೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದೆವು. 61 ಕೆಬಿ, 54 ಕೆಬಿ, ಕೊನೆಗೆ 48. ಅಂಕಿ ಓದುವಂತಿತ್ತು, ಮುಖ್ಯೋಪಾಧ್ಯಾಯರ ಸಹಿ ಮಾತ್ರ ಅರ್ಧ ಮಾಯ. ಮೂರು ಗಂಟೆ ಹಿಡಿಯಿತು. ಅಷ್ಟು ಹೊತ್ತು ಅವನ ಅಂಗಡಿ ಮುಚ್ಚಿತ್ತು. ಮನೆಯಲ್ಲಿ ಇಂಥ ಮೊಮ್ಮಗಳಿಲ್ಲದವರು ಏನು ಮಾಡುತ್ತಾರೆ, ಹೇಳಿ.

ಆದ್ದರಿಂದ, ಮಕ್ಕಳೇ, ನಾಳೆ ನಿಮ್ಮ ಮುಂದೆ ಹೊಸ ಅರ್ಜಿಯ ನಮೂನೆ ಬಂದಾಗ ಆ 50 ಎಂಬ ಅಂಕಿಯನ್ನು ಹಳೆಯ ನಮೂನೆಯಿಂದ ಎತ್ತಿ ಅಂಟಿಸಬೇಡಿ. ಮೇಲಧಿಕಾರಿ ಹೇಳಿದರೂ ಒಂದು ಸಲ ಯಾಕೆಂದು ಕೇಳಿ. ತರಗತಿಯಲ್ಲಿ ನನ್ನನ್ನು ಎಷ್ಟು ಪ್ರಶ್ನೆ ಕೇಳಿ ಗೋಳು ಹೊಯ್ದುಕೊಂಡಿದ್ದೀರಿ!

ಮೊನ್ನೆ ಅವನು ಫೋನು ಮಾಡಿದ್ದನು. ಅರ್ಜಿ ಈ ಸಲ ತಿರಸ್ಕೃತವಾಗಿಲ್ಲವಂತೆ, ಮಂಜೂರೂ ಆಗಿಲ್ಲವಂತೆ. ‘ಪರಿಶೀಲನೆಯಲ್ಲಿದೆ’ ಎಂದು ತೋರಿಸುತ್ತಿದೆಯಂತೆ. ಮೂಲ ಪತ್ರವನ್ನು ಮತ್ತೆ ಟ್ರಂಕಿನಲ್ಲಿಟ್ಟಿದ್ದಾನೆ.