ತೋರಿಸಬೇಕಾದದ್ದು ಒಳಗಿನ ಕೋನ್

ಸೆಕೆಂಡ್ ಹ್ಯಾಂಡ್ ರೆಸೊನೇಟರ್ ಗಿಟಾರ್ ಕೊಳ್ಳಲು ಬಂದವರ ಕಣ್ಣು ಮೊದಲು ಹೋಗುವುದು ಅದರ ಲೋಹದ ಮೈಮೇಲೆ. ಅಮೆರಿಕದ ನ್ಯಾಷನಲ್ ಕಂಪನಿಯ ‘ಸ್ಟೈಲ್ ಓ’ ಮಾದರಿಯಲ್ಲಂತೂ ನಿಕಲ್ ಲೇಪದ ಹಿತ್ತಾಳೆ, ಅದರ ಮೇಲೆ ಹವಾಯಿಯ ತೆಂಗಿನ ಮರಗಳ ಚಿತ್ತಾರ. 1985ರ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಂ ಮುಖಪುಟದಲ್ಲಿರುವುದು ಮಾರ್ಕ್ ನಾಫ್ಲರ್ ಅವರ ಇಂಥದೇ ಗಿಟಾರ್. ಮಾರುವವರು ಅದನ್ನು ತಿಕ್ಕಿ ಬೆಳಗಿಸಿ ಫೋಟೊ ತೆಗೆಯುತ್ತಾರೆ.

ಆದರೆ ಈ ವಾದ್ಯದ ಜೀವ ಇರುವುದು ಮುಚ್ಚಳದ ಕೆಳಗೆ.

1920ರ ದಶಕದಲ್ಲಿ ವಾದ್ಯವೃಂದದ ಅಬ್ಬರದಲ್ಲಿ ಗಿಟಾರಿನ ದನಿ ಅಡಗಿಹೋಗುತ್ತಿತ್ತು. ಎಲೆಕ್ಟ್ರಿಕ್ ಗಿಟಾರ್ ಇನ್ನೂ ಬಂದಿರಲಿಲ್ಲ. ಜೋರು ದನಿಯ ಗಿಟಾರ್ ಬೇಕೆಂದು ಜಾರ್ಜ್ ಬೀಚಂ ಎಂಬ ವಾದಕ ಕೇಳಿದಾಗ, ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ್ದ ಸ್ಲೋವಾಕ್ ಕುಶಲಕರ್ಮಿ ಜಾನ್ ಡೋಪ್ಯೆರಾ ಮೂರು ಅಲ್ಯೂಮಿನಿಯಂ ಕೋನ್‌ಗಳ ಗಿಟಾರ್ ಮಾಡಿಕೊಟ್ಟರು. ‘ಸ್ಟೈಲ್ ಓ’ದಲ್ಲಿರುವುದು ಒಂದೇ ಕೋನ್, ಸುಮಾರು ಒಂಬತ್ತೂವರೆ ಇಂಚಿನದು. ಅದರ ತುದಿಯಲ್ಲಿ ಬಿಸ್ಕತ್ತಿನಂಥ ಮರದ ಬಿಲ್ಲೆ, ಬಿಲ್ಲೆಯ ಮೇಲೆ ಬ್ರಿಡ್ಜ್. ತಂತಿ ಮೀಟಿದರೆ ಕಂಪನ ಬ್ರಿಡ್ಜ್ ಮೂಲಕ ಕೋನಿಗಿಳಿಯುತ್ತದೆ, ತೆಳು ತಗಡು ಗುಂಯ್‌ಗುಡುತ್ತದೆ.

ವರ್ಷಗಟ್ಟಲೆ ತಂತಿಗಳ ಒತ್ತಡ ಹೊತ್ತ ಈ ತಗಡು ಕೆಲವೊಮ್ಮೆ ಕುಸಿಯುತ್ತದೆ, ಅಂಚು ಸೊಟ್ಟಗಾಗುತ್ತದೆ. ಆಗ ಕೇಳಿಸುವ ಕರಕರ ಸದ್ದನ್ನು ಯಾವ ಪಾಲಿಶ್ ಅಡಗಿಸೀತು? ಆದ್ದರಿಂದ ಮಾರುವವರು ಮುಚ್ಚಳ ಬಿಚ್ಚಿಸಿ ಒಳಗಿನ ಫೋಟೊ ಕೊಡಬೇಕು. ಕೋನ್ ಬದಲಾಗಿದ್ದರೆ ಹಾಗೆಂದು ಹೇಳಿ, ಹಳೆಯದನ್ನೂ ಪೆಟ್ಟಿಗೆಯಲ್ಲಿಟ್ಟು ಕೊಡಬೇಕು. ಅತಿಯಾಗಿ ತಿಕ್ಕಿದರೆ ನಿಕಲ್ ಸವೆದು ಹಿತ್ತಾಳೆ ಇಣುಕುತ್ತದೆ. ಮಾಸಿದ ಮೈ ಇದ್ದ ಹಾಗೇ ಇರಲಿ.

ಕತ್ತು ದುಂಡೋ ಚೌಕವೋ ಎಂಬುದನ್ನೂ ಮೊದಲೇ ತಿಳಿಸಬೇಕು. ಚೌಕ ಕತ್ತಿನದರಲ್ಲಿ ತಂತಿಗಳು ಎತ್ತರದಲ್ಲಿರುತ್ತವೆ. ಬೆರಳಲ್ಲಿ ಒತ್ತಿ ನುಡಿಸಲು ಬರುವುದಿಲ್ಲ, ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡು ಜಾರಿಸಬೇಕು. 1995ರ ‘ಬರ್ಬನ್ ಅಂಡ್ ರೋಸ್‌ವಾಟರ್’ ಆಲ್ಬಂನಲ್ಲಿ ವಿಶ್ವಮೋಹನ ಭಟ್ಟರ ಮೋಹನವೀಣೆಗೆ ಜೆರ್ರಿ ಡಗ್ಲಸ್ ಅವರ ಡೋಬ್ರೊ ಎಂಬ ರೆಸೊನೇಟರ್ ಗಿಟಾರ್ ಜೊತೆಯಾದದ್ದು ಈ ಜಾರುವಾದನದ ನೆಂಟಸ್ತಿಕೆಯಿಂದಲೇ. ಕತ್ತಿನ ಈ ವ್ಯತ್ಯಾಸ ಗೊತ್ತಿಲ್ಲದೆ ಕೊಂಡವರು ಒಳ್ಳೆಯ ಗಿಟಾರನ್ನೇ ಕೆಟ್ಟದ್ದೆಂದು ಬಗೆಯುತ್ತಾರೆ.

ಕಳಿಸುವಾಗ ಇನ್ನೊಂದು ಎಚ್ಚರ. ಕೋನನ್ನು ಸ್ಕ್ರೂ ಹಾಕಿ ಬಿಗಿದಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿಡುತ್ತದೆ. ತಂತಿಗಳನ್ನು ಕೊಂಚ ಸಡಿಲಿಸಿದರೆ ಸಾಕು, ಪೂರ್ತಿ ಬಿಚ್ಚಬಾರದು. ಹೊಸ ತಂತಿ ಹಾಕುವಾಗಲೂ ಒಂದನ್ನು ಬಿಗಿದ ಮೇಲೆಯೇ ಇನ್ನೊಂದನ್ನು ಬಿಚ್ಚುವಂತೆ ಒಂದು ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟರೆ, ಕೊಂಡವರ ಕೈಯಲ್ಲೂ ಗಿಟಾರ್ ಅದೇ ಜೋಪಾನದಲ್ಲಿ ಉಳಿಯುತ್ತದೆ.