ನೋವು ತಡೆಯುವುದೋ, ಗುಳಿಗೆ ನುಂಗುವುದೋ

ಕನಕಗಿರಿ ತಾಲ್ಲೂಕಿನ ಹುಲಿಹೈದರದಂಥ ಊರಿನಲ್ಲಿ ಆಪರೇಷನ್ ಆದವರ ಆರೈಕೆಯ ಕಷ್ಟದ ಭಾಗ ಶುರುವಾಗುವುದೇ ಗಂಗಾವತಿಯಿಂದಲೋ ಕೊಪ್ಪಳದಿಂದಲೋ ಮನೆಗೆ ಬಂದ ಮೇಲೆ. ಸಿಸೇರಿಯನ್ ಇರಲಿ, ಹರ್ನಿಯಾ ಇರಲಿ, ಗರ್ಭಕೋಶ ತೆಗೆಸಿದ್ದಿರಲಿ, ಜೊತೆಗೆ ಬರುವುದು ಇಂಗ್ಲಿಷಿನಲ್ಲಿ ಬರೆದ ಡಿಸ್ಚಾರ್ಜ್ ಚೀಟಿ ಮತ್ತು ಅಂಗಡಿಯವರು ಕತ್ತರಿಸಿಕೊಟ್ಟ ಗುಳಿಗೆಗಳು. ಕತ್ತರಿಸುವಾಗ ಹೆಸರಿನ ಅರ್ಧ ಅಂಗಡಿಯಲ್ಲೇ ಉಳಿದಿರುತ್ತದೆ. ಕವರಿನ ಮೇಲೆ ಪೆನ್ನಿನಲ್ಲಿ 1-0-1 ಎಂದು ಬರೆದದ್ದೇ ಸೂಚನೆ. ಒಂದೆರಡು ದಿನ ನುಂಗುವಷ್ಟರಲ್ಲಿ ಹೊಟ್ಟೆಯಲ್ಲಿ ಉರಿ, ವಾಕರಿಕೆ, ತಲೆ ತಿರುಗುವುದು, ಸಂಡಾಸು ಆಗದೆ ಒದ್ದಾಡುವುದು. ಆಗ ಮನೆಯ ಹಿರಿಯರು ಹೇಳುತ್ತಾರೆ: “ಬ್ಯಾನಿ ತಡಕೊಂಡ್ರ ತಾನ ಹೋಗ್ತೈತಿ. ಗುಳಿಗಿ ತಿಂದ್ರ ಕಿಡ್ನಿ ಹೋಗ್ತೈತಿ.”

ಈ ಮಾತನ್ನು ಅಜ್ಞಾನವೆಂದು ತಳ್ಳಿಬಿಡುವವರ ಜೊತೆ ನಾನಿಲ್ಲ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಎಲ್ಲವೂ ಒಂದೇ ಬಳಗದವು. ನೋವು, ಬಾವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ದೇಹ ತಯಾರಿಸದಂತೆ ತಡೆಯುವುದು ಅವುಗಳ ಕೆಲಸ. ಈ ಬಳಗದ ಹಿರಿಯಣ್ಣ ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆಂದು ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ, ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ಪ್ರೊಸ್ಟಾಗ್ಲಾಂಡಿನ್. ನೋವಿನ ಜೊತೆಗೆ ಆ ಕಾವಲೂ ಹೋಗುತ್ತದೆ. ರಣಹದ್ದುಗಳು ದೇಶದಿಂದ ಬಹುಪಾಲು ಕಣ್ಮರೆಯಾದದ್ದು ಈ ಡೈಕ್ಲೋಫೆನಾಕ್‌ನಿಂದಲೇ. ಔಷಧ ಕೊಟ್ಟ ದನ ಸತ್ತಾಗ ಅದನ್ನು ತಿಂದ ಹಕ್ಕಿಗಳ ಕಿಡ್ನಿ ಕೆಟ್ಟವೆಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು, 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಮನುಷ್ಯನ ದೇಹ ಈ ಔಷಧವನ್ನು ಕೆಲವೇ ಗಂಟೆಗಳಲ್ಲಿ ಹೊರಹಾಕುತ್ತದೆ, ಹಾಗಾಗಿ ಗಟ್ಟಿಮುಟ್ಟಾದವರಿಗೆ ನಾಲ್ಕೈದು ದಿನದ ಗುಳಿಗೆಯಿಂದ ಕಿಡ್ನಿ ಹೋಗುವುದು ಅಪರೂಪ. ವಯಸ್ಸಾದವರು, ಸಕ್ಕರೆ ಕಾಯಿಲೆ, ಬಿಪಿ ಇರುವವರು, ವಾಂತಿ ಭೇದಿಯಿಂದ ಬಳಲಿದವರ ವಿಷಯದಲ್ಲಿ ಮಾತ್ರ ಹಿರಿಯರ ಹೆದರಿಕೆಗೆ ತೂಕವಿದೆ.

ಇನ್ನೊಂದು ಕಡೆಯ ವಾದವೂ ಅಷ್ಟೇ ಗಟ್ಟಿ. ಹೊಟ್ಟೆ ಕೊಯ್ದವರು ನೋವಿಗೆ ಹೆದರಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮು ಬಂದರೆ ನುಂಗಿಕೊಳ್ಳುತ್ತಾರೆ. ಕಫ ಎದೆಯಲ್ಲೇ ನಿಂತು ನ್ಯುಮೋನಿಯಾ ಆಗಬಹುದು. ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬಾಣಂತಿಯಾದರೆ ಕೂಸನ್ನು ಎತ್ತಿ ಹಾಲು ಕುಡಿಸುವುದೂ ಕಷ್ಟ. ನೋವು ತಡೆದುಕೊಂಡವಳನ್ನು ಗಟ್ಟಿಗಿತ್ತಿ ಎಂದು ಹೊಗಳುವುದು ನಮ್ಮ ರೂಢಿ. ಆ ಹೊಗಳಿಕೆಯ ಬೆಲೆಯನ್ನು ಅವಳ ಮೈ ತೆರುತ್ತದೆ ಎಂಬುದೇ ನನ್ನ ಸಂಕಟ.

ಅಡ್ಡಪರಿಣಾಮ ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದರಿಂದ ಗೊಂದಲ ಹೆಚ್ಚುತ್ತದೆ. ಹೊಟ್ಟೆ ಉರಿ ಡೈಕ್ಲೋಫೆನಾಕ್ ಬಳಗದ್ದು. ಅದಕ್ಕೆ ಜೊತೆಯಲ್ಲಿ ಕೊಡುವ ಪ್ಯಾಂಟೊಪ್ರಜೋಲ್, ಅಂದರೆ ಮನೆಯವರ ಬಾಯಲ್ಲಿ ‘ಗ್ಯಾಸಿನ ಗುಳಿಗಿ’, ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗುವಂಥದ್ದು. ಉರಿ ಎದ್ದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಅದು ಹೊಟ್ಟೆಯನ್ನು ಕಾಯುತ್ತದೆ, ಕಿಡ್ನಿಯನ್ನಲ್ಲ. ವಾಕರಿಕೆ, ತೂಕಡಿಕೆ, ಮಲ ಕಟ್ಟುವುದು ಟ್ರಮಡಾಲ್‌ನವು. ಅಫೀಮಿನ ಹಾದಿಯಲ್ಲೇ ಕೆಲಸ ಮಾಡುವ ಈ ಔಷಧವನ್ನು 2018ರಲ್ಲಿ ಮಾದಕ ವಸ್ತು ಕಾಯ್ದೆಯಡಿ ತಂದರು. ವಾಕರಿಕೆ ಸಾಮಾನ್ಯವಾಗಿ ಕೆಲ ದಿನಗಳಲ್ಲಿ ತಗ್ಗುತ್ತದೆ, ಮಲಬದ್ಧತೆ ಮಾತ್ರ ಗುಳಿಗೆ ಇರುವಷ್ಟು ದಿನವೂ ಬಿಡದು. ತಿಣುಕಿದರೆ ಹೊಲಿಗೆ ಎಳೆಯುತ್ತದೆ. ಆದ್ದರಿಂದ ಟ್ರಮಡಾಲ್ ಬರೆದ ದಿನವೇ ಮಲ ಸಡಿಲಿಸುವ ಔಷಧವನ್ನೂ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಬೇಕು. ಹಾಲುಣಿಸುವ ತಾಯಿ ಟ್ರಮಡಾಲ್ ತೆಗೆದುಕೊಳ್ಳದಿರುವುದು ಲೇಸೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎದೆಹಾಲಿಗೆ ಸೇರುವುದು ತೀರ ಅಲ್ಪ. ಕೂಸಿಗೆ ತಾಕೀತೆಂದು ಇವನ್ನೂ ಬಿಡಿಸುವುದು ತಾಯಿಗೆ ಮಾಡುವ ಅನ್ಯಾಯ.

ನಮ್ಮ ಭಾಗದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಸಂಗತಿ ನೀರು. ಬಾಣಂತಿಗೆ ನೀರು ಹೆಚ್ಚು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ, ಹೊಲಿಗೆ ಹಸಿಯಾಗುತ್ತದೆ ಎಂದು ಲೋಟದ ಲೆಕ್ಕದಲ್ಲಿ ಕೊಡುವ ಮನೆಗಳಿವೆ. ನಂಜಾಗುತ್ತದೆಂದು ಕಾಯಿಪಲ್ಲೆ, ಬೇಳೆ, ಹಣ್ಣು ಬಂದ್. ಮೇಲೆ 40 ಡಿಗ್ರಿ ಆಸುಪಾಸಿನ ಬಿಸಿಲು. ಒಣಗಿದ ಮೈಯಲ್ಲಿ ಅದೇ ಡೈಕ್ಲೋಫೆನಾಕ್ ಗುಳಿಗೆ ಕಿಡ್ನಿಗೆ ಹೆಚ್ಚು ಹೊಡೆತ ಕೊಡುತ್ತದೆ, ಮಲವೂ ಗಟ್ಟಿಯಾಗುತ್ತದೆ. ಕಿಡ್ನಿಯ ಮೇಲೆ ಕಾಳಜಿ ಇರುವ ಮನೆ ಮೊದಲು ಬಿಡಬೇಕಾದದ್ದು ಈ ಪಥ್ಯವನ್ನು. ಡಾಕ್ಟರು ಬೇರೆ ಹೇಳದಿದ್ದರೆ ನೀರು ಧಾರಾಳವಾಗಿ ಕುಡಿಯಲಿ, ಸೊಪ್ಪು, ಬೇಳೆ, ಬಾಳೆಹಣ್ಣು ತಿನ್ನಲಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಲಿ.

ನೋವಿನ ಅಪಾಯ, ಗುಳಿಗೆಯ ಅಪಾಯ ಎರಡನ್ನೂ ತೂಗಿದಾಗ ನನ್ನ ಮನಸ್ಸು ವಾಲುವುದು ಹೀಗೆ. ಮೊದಲ ಮೂರು ನಾಲ್ಕು ದಿನ ನೋವು ಏರುವವರೆಗೆ ಕಾಯದೆ ಹೇಳಿದ ಹೊತ್ತಿಗೆ ನುಂಗುವುದೇ ಸರಿ. ಆಮೇಲೆ ಮೊದಲು ಟ್ರಮಡಾಲ್, ನಂತರ ಡೈಕ್ಲೋಫೆನಾಕ್, ಕೊನೆಗೆ ಪ್ಯಾರಾಸಿಟಮಾಲ್ ಎಂಬ ಕ್ರಮದಲ್ಲಿ ಬಿಡುತ್ತ ಬರಬಹುದು. ಪ್ಯಾರಾಸಿಟಮಾಲ್ ಹೊಟ್ಟೆಗೂ ಕಿಡ್ನಿಗೂ ಸೌಮ್ಯ, ಅಳತೆ ಮೀರಿದರೆ ಲಿವರ್‌ಗೆ ಅಪಾಯ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ, ತೆಳ್ಳಗಿರುವವರಿಗೆ, ಕುಡಿಯುವ ಚಟವಿದ್ದವರಿಗೆ ಅದಕ್ಕಿಂತ ಕಡಿಮೆ. ಜೀರೋಡಾಲ್-ಪಿ ಗುಳಿಗೆಯೊಳಗೇ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಅದರ ಜೊತೆ ಜ್ವರಕ್ಕೆಂದು ಡೋಲೋ 650 ನುಂಗಿದರೆ ಎರಡನ್ನೂ ಕೂಡಿಸಿ ಎಣಿಸಬೇಕು. ಅಸೆಕ್ಲೋಫೆನಾಕ್ ಇರುವ ಜೀರೋಡಾಲ್-ಪಿ ನುಂಗುತ್ತಲೇ ಊರ ಡಾಕ್ಟರ ಹತ್ತಿರ ಡೈಕ್ಲೋಫೆನಾಕ್ ಸೂಜಿ ಹಾಕಿಸಿಕೊಂಡರೆ ಒಂದೇ ಬಳಗದ ಎರಡು ಔಷಧ ಮೈ ಸೇರಿದಂತೆ.

ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ನಾರಿದರೆ, ರಕ್ತ ವಾಂತಿಯಾದರೆ, ಮೂತ್ರ ತೀರ ಕಡಿಮೆಯಾದರೆ, ಮುಖ ಊದಿಕೊಂಡರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಕಬ್ಬಿಣಾಂಶದ ಗುಳಿಗೆ ನುಂಗುವ ಬಾಣಂತಿಗೆ ಮಲ ಬರಿಯ ಕಪ್ಪಾಗುವುದು ಸಹಜ, ಅದಕ್ಕೆ ಗಾಬರಿ ಬೇಡ.

ಉಳಿದ ಗುಳಿಗೆಗಳ ಮಾತೊಂದಿದೆ. ಕುಷ್ಟಗಿ, ಯಲಬುರ್ಗಾ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು, ಕೀಲು ಹಿಡಿದ ಹಿರಿಯರು ಅಲ್ಲಿ ಬಹಳ. ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಸೊಂಟಗಳು ಗಂಗಾವತಿ ಸುತ್ತ ಇನ್ನೂ ಬಹಳ. ಸೊಸೆಗೆ ಬರೆದ ಡೈಕ್ಲೋಫೆನಾಕ್ ಬಿಪಿ ಗುಳಿಗೆ ನುಂಗುವ ಮಾವನ ಮೊಣಕಾಲಿಗೆ ಹೋಗುವುದು ಹೀಗೆಯೇ. ಕಿಡ್ನಿಗೆ ನಿಜವಾಗಿ ಹೆದರಬೇಕಾದವರು ಅವರು. ಆ ಗುಳಿಗೆಗಳನ್ನು ಅವರ ಕೈಗೆ ಕೊಡದೆ ಮುಂದಿನ ತಪಾಸಣೆಗೆ ಹೋಗುವಾಗ ಕಟ್ಟಿಕೊಂಡು ಹೋಗಿ ಡಾಕ್ಟರಿಗೇ ತೋರಿಸಿ.